ಆಷಾಢದಲ್ಲಿ ಹತ್ತು ರಾಗ, ಒಂದೇ ಡಿಸ್ಕೋ ಬೀಟು

ಆಷಾಢ ಬಂತೆಂದರೆ ನಮ್ಮಂಥ ಆರ್ಕೆಸ್ಟ್ರಾದವರಿಗೆ ಕೆಲಸ ಇಲ್ಲ. ಮದುವೆ ಇಲ್ಲ, ಆರತಕ್ಷತೆ ಇಲ್ಲ, ಹಾಸನದಲ್ಲಿ ಜಿಟಿಜಿಟಿ ಮಳೆ ಬೇರೆ. ಕೀಬೋರ್ಡಿಗೆ ಕವರ್ ಹಾಕಿ ಮಂಚದ ಕೆಳಗೆ ತಳ್ಳಿ ಸುಮ್ನೆ ಕೂತಿದ್ದೆ. ಆಗ ನಮ್ಮ ತಂಡದಲ್ಲಿ ರಿದಂ ಪ್ಯಾಡ್ ಬಾರಿಸುವ ಗೆಳೆಯ ಒಂದು ಲಿಂಕ್ ಕಳಿಸಿದ. "ಗುರು, ಇದು 1982ರದ್ದಂತೆ, ಕೇಳು" ಅಂದ.

ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಅನ್ನೋ ಆಲ್ಬಂ. ಸಿಂಗ್ ಬಾಂಬೆಯ ಸಿನಿಮಾ ಹಾಡುಗಳಿಗೆ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಅಂದರೆ ನಮ್ಮ ಕಸುಬಿನವರೇ, ನಮಗಿಂತ ಹತ್ತು ಮೆಟ್ಟಿಲು ಮೇಲೆ.

ಮೊದಲ ಸಲ ಕೇಳಿದ್ದು ಬಸ್ಸಿನಲ್ಲಿ. ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುತ್ತಿದ್ದೆ. ಇಯರ್‌ಫೋನಿನ ಬಲಗಡೆದು ಸತ್ತು ಎಷ್ಟೋ ದಿನ ಆಗಿತ್ತು, ಇನ್ನೊಂದು ಕಿವಿಗೆ ಎಂಜಿನ್ ಸದ್ದು. ಮೊದಲನೇ ಟ್ರ್ಯಾಕ್ ಭೈರವ್. ನನಗೆ ಕೇಳಿಸಿದ್ದು ಪಂಪ್‌ಸೆಟ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ ಒಂದು ಗೊಳಗೊಳ, ಅದರ ಮೇಲೆ ಪೀಂ ಪೀಂ. ಬೇಲೂರು ಬರೋದರೊಳಗೆ ಆಫ್ ಮಾಡಿದೆ. ಇಷ್ಟಕ್ಕೆ ಇಷ್ಟು ಹೊಗಳಿಕೆನಾ ಅಂತ ಗೆಳೆಯನಿಗೆ ಮೆಸೇಜೂ ಹಾಕಿದೆ. ಅವನು ಬೈದ. "ಬಾಸ್ ಇಲ್ದೆ, ಆ ತಗ್ಗಿನ ದಪ್ಪ ಸದ್ದಿಲ್ದೆ ಅದನ್ನ ಕೇಳ್ತಾರೇನೋ, ಆಂಪ್ಲಿಫೈಯರ್ ನಿನ್ನ ಮನೇಲೇ ಬಿದ್ದಿದೆ ಅಲ್ವಾ?"

ಬಿದ್ದಿತ್ತು. ಒಂದು ವಾರ ಬಿಟ್ಟು ಒಂದು ಮಧ್ಯಾಹ್ನ ಎರಡು ಸೌಂಡ್ ಬಾಕ್ಸ್ ಹಾಲಿಗೆ ಎಳೆದು, ಫೋನಿಗೆ ವೈರ್ ಚುಚ್ಚಿ, ನೆಲದ ಮೇಲೆ ಕೂತೆ. ಅಮ್ಮ ಬಾಗಿಲ ಹತ್ತಿರ ಹಲಸಿನ ಬೀಜ ಸುಲಿಯುತ್ತಿದ್ದಳು.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಲೇಬೇಕು. ಇಡೀ ಆಲ್ಬಂ ರೋಲೆಂಡ್ ಕಂಪನಿಯ ಮೂರು ಯಂತ್ರಗಳಲ್ಲಿ ಆಗಿದೆ. ತಾಳಕ್ಕೆ ಟಿಆರ್-808, ರಾಗಕ್ಕೆ ಜ್ಯೂಪಿಟರ್-8, ಕೆಳಗಿನ ಬಾಸಿಗೆ ಟಿಬಿ-303. ಈ 303 ಇದೆಯಲ್ಲ, ಬಾಸ್ ಗಿಟಾರಿನವನು ಬರದಿದ್ದಾಗ ಇರಲಿ ಅಂತ ಮಾಡಿದ ಸಣ್ಣ ಪೆಟ್ಟಿಗೆ. ಒಂದು ಸಲಕ್ಕೆ ಒಂದೇ ಸ್ವರ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಫಿಲ್ಟರಿನ ತಿರುಪು ತಿರುಗಿಸಿದರೆ ಅದೇ ಸ್ವರ ಬಾಯಿ ಮುಚ್ಚಿ ತೆರೆದ ಹಾಗೆ ಆಗುತ್ತದೆ. ಬಸ್ಸಿನಲ್ಲಿ ನನಗೆ ಗೊಳಗೊಳ ಅನ್ನಿಸಿದ್ದು ಇದೇ. ದೊಡ್ಡ ಬಾಕ್ಸಿನಲ್ಲಿ ಅದು ಎದೆಗೆ ಬಂತು, ಮತ್ತೆ ಅದು ಸುಮ್ನೆ ತಾಳ ಕುಟ್ಟುತ್ತಿಲ್ಲ, ಅದೂ ರಾಗದ ಸ್ವರಗಳಲ್ಲೇ ಓಡಾಡುತ್ತಿದೆ ಅನ್ನೋದು ಆಗ ತಿಳಿಯಿತು. ನಾನು ಹದಿನೈದು ವರ್ಷದಿಂದ ಎಡಗೈಯಲ್ಲಿ ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಒತ್ತಿಕೊಂಡು ಬಂದಿದ್ದೇನೆ, ಎಡಗೈಗೆ ರಾಗ ಕೊಡಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಎರಡೇ ನಿಮಿಷಕ್ಕೆ ಅಮ್ಮ, "ಏನೋ ಅದು, ಸರಳೆ ವರಸೆನ ಮಿಷಿನ್ನಿಗೆ ಹಾಕಿದ್ದಾರಾ?" ಅಂದಳು. ಸರಿಯಾಗೇ ಹೇಳಿದಳು. ಸಂಗೀತ ಕಲಿಯುವವರ ಮೊದಲ ಪಾಠ ಸರಳೆ ವರಸೆ ಇರೋದು ನಮ್ಮ ಮಾಯಾಮಾಳವಗೌಳ ರಾಗದಲ್ಲಿ, ಅದರ ಸ್ವರಗಳೂ ಭೈರವ್ ಸ್ವರಗಳೂ ಒಂದೇ. ಚಿಕ್ಕವನಿದ್ದಾಗ ಎರಡು ವರ್ಷ ಅದನ್ನೇ ಹಾಡಿದ ನನಗೆ ಬಸ್ಸಿನಲ್ಲಿ ಗೊತ್ತಾಗಲಿಲ್ಲ, ಭಜನೆ ಮಂಡಳಿಯ ಅಮ್ಮನಿಗೆ ಬೀಜ ಸುಲಿಯುತ್ತಾ ಗೊತ್ತಾಯಿತು.

ಆಮೇಲೆ ಅದೇ ಆಟ ಆಯಿತು, ಹಿಂದೂಸ್ತಾನಿ ರಾಗಕ್ಕೆ ನಮ್ಮ ಕರ್ನಾಟಕ ಸಂಗೀತದ ಹೆಸರು ಹುಡುಕೋದು. ಭೂಪಾಲಿ ಬಂದಾಗ ಮೋಹನ ಅಂತ ತಾನೇ ಗುನುಗಿದಳು. ಮುಂದಿನದು ತೋಡಿ ಅಂತ ನಾನು ಮೊದಲೇ ಹೇಳಿಬಿಟ್ಟೆ, ಕೇಳಿ "ಇದೆಲ್ಲಿಯ ತೋಡಿನೋ" ಅಂತ ಮುಖ ಗಂಟು ಹಾಕಿದಳು. ಹಿಂದೂಸ್ತಾನಿಯವರ ತೋಡಿ ನಮ್ಮ ತೋಡಿ ಅಲ್ಲ, ಸ್ವರ ನೋಡಿದರೆ ಶುಭಪಂತುವರಾಳಿ. ಮಳೆಗಾಲದ ರಾಗ ಮೇಘ್ ಮಲ್ಹಾರ್ ಬಂದಾಗ ಹೊರಗೆ ಮಳೆಯೂ ಇತ್ತು, ಅಮ್ಮ ಮಾತ್ರ "ಮಧ್ಯಮಾವತಿ ಥರ ಇದೆ, ಮಂಗಳ ಹಾಡೋ ಹೊತ್ತಾಯ್ತಾ?" ಅಂತ ನಕ್ಕಳು. ನಮ್ಮಲ್ಲಿ ಕೊನೆಗೆ ಹಾಡೋ ರಾಗ ಅದು.

ಎಲ್ಲಾ ಚೆನ್ನಾಗಿದೆ ಅಂತ ಹೇಳಲ್ಲ. ಬೀಟು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ, ಯಮನ್ ಹೊತ್ತಿಗೆ ನನಗೆ ಸಾಕಾಗಿತ್ತು. ಆಸಿಡ್ ಹೌಸ್ ಅನ್ನೋ ಕ್ಲಬ್ ಡ್ಯಾನ್ಸ್ ಸಂಗೀತವನ್ನ ಇವರೇ ಕಂಡುಹಿಡಿದರು ಅನ್ನೋ ಮಾತೂ ಜಾಸ್ತಿ ಆಯಿತು. ಆ ಸಂಗೀತಕ್ಕೆ ಹೆಸರು ಕೊಟ್ಟ, ಷಿಕಾಗೋದ ಫ್ಯೂಚರ್ ತಂಡದ 'ಆಸಿಡ್ ಟ್ರ್ಯಾಕ್ಸ್' ಬಂದಿದ್ದು 1987ರಲ್ಲಿ, ಅದೇ 303 ಇಟ್ಟುಕೊಂಡು. ಅವರು ಇದನ್ನ ಕೇಳಿ ಮಾಡಿದ್ದಲ್ಲ. ನಮ್ಮವರೇ ಇದನ್ನ ಮರೆತಿದ್ದರು. 2002ರಲ್ಲಿ ಎಡೋ ಬೌಮನ್ ಎಂಬ ಡಚ್ಚರಿಗೆ ದೆಹಲಿಯಲ್ಲಿ ಹಳೇ ರೆಕಾರ್ಡ್ ಸಿಕ್ಕಿ, 2010ರಲ್ಲಿ ಮತ್ತೆ ಹೊರಬಂತು. ಒಂದೇ ಪೆಟ್ಟಿಗೆ ಎರಡು ಊರಲ್ಲಿ ಇಬ್ಬರ ಕೈಗೆ ಸಿಕ್ಕಿ ಒಂದೇ ಥರ ಕೂಗಿತು, ನನಗೆ ಅದೇ ದೊಡ್ಡ ಮಜಾ.

ಒಂಬತ್ತನೇದು ಮಾಲ್ಕೌಂಸ್, ನಮ್ಮ ಹಿಂದೋಳ. ಅರ್ಧದಲ್ಲಿ ಕರೆಂಟ್ ಹೋಯಿತು. ಆಂಪ್ಲಿಫೈಯರ್ ಸತ್ತಿತು, ಫೋನಿನಲ್ಲಿ ಹಾಡು ಓಡುತ್ತಲೇ ಇತ್ತು. ವೈರ್ ಕಿತ್ತೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬಾಸ್ ಎಲ್ಲಾ ಮಾಯ, ಮೇಲಿನ ರಾಗ ಒಂದೇ ತೆಳ್ಳಗೆ ಉಳಿಯಿತು. ಅಮ್ಮ ಸುಲಿಯೋದು ನಿಲ್ಲಿಸಿ, "ಹಾಂ, ಈಗ ಸರಿಯಾಗಿ ಕೇಳ್ತಿದೆ ನೋಡು" ಅಂದಳು.