ವಾಕರ್ ಹಿಡಿದು ಅಳೆದ ಮನೆ

ಬಲ ಮೊಣಕಾಲಿನ ಕೀಲು ಬದಲಿಸಲೇಬೇಕೆಂದು ತೀರ್ಮಾನವಾದಾಗ ನನಗೆ 66 ವರ್ಷ. ವಿಜಯಪುರದ ಹಳೆಯ ಓಣಿಯಲ್ಲಿರುವ ನಮ್ಮ ಮನೆ ನೆಲದ ಮೇಲೆ ಕುಳಿತು ಬದುಕುವವರಿಗೆಂದೇ ಕಟ್ಟಿದ್ದು. ರೊಟ್ಟಿ ಬಡಿಯುವುದು, ಉಣ್ಣುವುದು, ಪೂಜೆ ಎಲ್ಲವೂ ಶಹಾಬಾದಿ ಫರಸಿಯ ಮೇಲೆಯೇ.

ಮೊದಲು ಕೊಟ್ಟಿದ್ದ ದಿನಾಂಕ ಮುಂದೆ ಹೋಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.9 ಬಂದಿತ್ತು. ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಮಾಯುವುದಿಲ್ಲ, ಲೋಹದ ಕೀಲಿಗೆ ಸೋಂಕು ತಗುಲಿದರೆ ಔಷಧದಿಂದ ಅದನ್ನು ತೊಲಗಿಸುವುದು ಬಹಳ ಕಷ್ಟ ಎಂದು ವಿವರಿಸಿದ ವೈದ್ಯರು, 7.5ರ ಕೆಳಗಿಳಿದ ಮೇಲೆ ಬನ್ನಿ ಎಂದರು. ಬಹಳ ದಿನದಿಂದ ಕಾಡುತ್ತಿದ್ದ ಹುಳುಕು ದವಡೆ ಹಲ್ಲನ್ನೂ ಇದೇ ಕಾರಣಕ್ಕೆ ಕೀಳಿಸಿಕೊಂಡೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವತ್ತು ನಿಲ್ಲಿಸಬೇಕೆಂಬುದನ್ನು ಅವರಿಂದಲೇ ಬರೆಸಿಕೊಂಡೆ.

ಸಿಕ್ಕ ಬಿಡುವಿನಲ್ಲಿ ತೊಡೆಗೆ ಬಲ ತುಂಬುವ ಕೆಲಸ ನಡೆಯಿತು. ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯನ್ನು ಬಿಗಿಹಿಡಿದು ಟವೆಲನ್ನು ಕೆಳಕ್ಕೆ ಒತ್ತಿ 5 ಎಣಿಸುವುದು. ಬೆಳಿಗ್ಗೆ 10 ಸಲ, ಸಂಜೆ 10 ಸಲ. ನೋಡುವವರಿಗೆ ಸುಮ್ಮನೆ ಕುಳಿತಂತೆ ಕಾಣುವ ಈ ವ್ಯಾಯಾಮಕ್ಕೆ ಮೊದಲ ವಾರ ನಾನು ಬೆವರುತ್ತಿದ್ದೆ.

ನಾನು ಮಾಡಿದ ಜಾಣತನದ ಕೆಲಸವೆಂದರೆ ವಾಕರನ್ನು ಮೂರು ವಾರ ಮೊದಲೇ ತರಿಸಿದ್ದು. “ಅಕ್ಕಾರ, ಇನ್ನೂ ಆಪರೇಷನ್ನೇ ಆಗಿಲ್ಲ, ಈಗ್ಲೇ ಯಾಕ್ರೀ ಇದು?” ಎಂದು ಪಕ್ಕದ ಮನೆಯಾಕೆ ನಕ್ಕಳು. ಬಲಗಾಲು ಊರಲು ಬಾರದವಳಂತೆ ಮನೆಯೆಲ್ಲ ಸುತ್ತಿದೆ. ಮಂಚದ ಪಕ್ಕ ಹಾಸಿದ್ದ ಕೌದಿಯ ಅಂಚಿಗೆ ವಾಕರಿನ ಮುಂಗಾಲು ಸಿಕ್ಕಿಕೊಂಡು ಮೊದಲ ಹೆಜ್ಜೆಗೇ ಮುಗ್ಗರಿಸಿದೆ. ಬಚ್ಚಲ ಬಾಗಿಲಿಗೆ ಬಂದರೆ ವಾಕರ್ ಚೌಕಟ್ಟಿಗೆ ತಾಗಿ ನಿಂತಿತು. ಎರಡೇ ಬೆರಳು ಸಾಲದು! ಬಡಿಗನನ್ನು ಕರೆಸಿ ಚೌಕಟ್ಟನ್ನೇ ತೆಗೆಸಿ ಪರದೆ ಕಟ್ಟಿದೆವು, ಗೋಡೆಗೆ ಉಕ್ಕಿನ ಹಿಡಿಕೆ ಹಾಕಿಸಿದೆವು, ಕುಕ್ಕರಗಾಲಿನ ಪಾಯಿಖಾನೆಯ ಮೇಲೆ ಕಮೋಡ್ ಕುರ್ಚಿ ಇಟ್ಟೆವು. ಒಳಮನೆಯ ಎತ್ತರದ ಹೊಸ್ತಿಲನ್ನು ಒಡೆಸಲು ಮಾತ್ರ ನಮ್ಮವರು ಒಪ್ಪಲಿಲ್ಲ. ದಿನವೂ ಅರಿಶಿನ-ಕುಂಕುಮ ಹಚ್ಚುವ ಹೊಸ್ತಿಲದು, ನನಗೂ ಮನಸ್ಸಿರಲಿಲ್ಲ. ಮಂಚವೇ ಪಡಸಾಲೆಗೆ ಬಂತು. ಕುಳಿತರೆ ಸೊಂಟ ಮೊಣಕಾಲಿಗಿಂತ ತುಸು ಮೇಲಿರುವಂತೆ ಅದರ ಕಾಲುಗಳಿಗೆ ಕಟ್ಟಿಗೆಯ ತುಂಡು ಕೊಟ್ಟೆವು. ನಳದ ನೀರು ದಿನಾ ಬಾರದ ಕಾರಣ ನಡುದಾರಿಯಲ್ಲಿ ತುಂಬಿಡುತ್ತಿದ್ದ ಬ್ಯಾರಲ್ಲುಗಳು ಹಿತ್ತಲಿಗೆ ಹೋದವು.

ಕಾಲಿನ ಕೂದಲನ್ನು ಮನೆಯಲ್ಲಿ ಬೋಳಿಸಬಾರದು, ಬ್ಲೇಡಿನ ಸಣ್ಣ ಗೀರೂ ಸೋಂಕಿಗೆ ದಾರಿ ಎಂದು ನರ್ಸ್ ಮೊದಲೇ ಎಚ್ಚರಿಸಿದ್ದರು.

ಆಪರೇಷನ್ ಆದ ನಾಲ್ಕನೆಯ ದಿನ ಕಾರಿನಿಂದ ಇಳಿದಾಗ, ಕಟ್ಟೆಯ ಎರಡು ಮೆಟ್ಟಿಲುಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲವೆಂದು ಹೊಳೆಯಿತು. ಹಿಡಿಯಲು ಏನೂ ಇಲ್ಲ. ಏರುವಾಗ ಗಟ್ಟಿ ಕಾಲು ಮೊದಲು ಎಂದು ಕಲಿಸಿದ್ದು ನೆನಪಿತ್ತು. ಒಂದು ಕೈಯಲ್ಲಿ ಮಗನ ಹೆಗಲು, ಇನ್ನೊಂದರಲ್ಲಿ ಕಿಟಕಿಯ ಸರಳು ಹಿಡಿದು ಎಡಗಾಲು ಎತ್ತಿಟ್ಟೆ.