ನಂಜುಂಡಪ್ಪನ ಇಪ್ಪತ್ತಮೂರು ರೂಪಾಯಿ

ಸಿಡುಕನೊಬ್ಬನ ಕಥೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ಇಡೀ ಕಥೆ ಹನ್ನೊಂದು ಪುಟ. 2022ರ ಮಳೆಗಾಲದಲ್ಲಿ ಶುರು ಮಾಡಿದ್ದು, ಮುಗಿದದ್ದು 2025ರಲ್ಲಿ. ನಡುವೆ ಎಷ್ಟು ಸಲ ಹರಿದು ಹಾಕಿದೆ ಅಂತ ಲೆಕ್ಕ ಇಟ್ಟಿಲ್ಲ. ಹೊರಗೆ ಉರಿಮುಖ, ಒಳಗೆ ಮೆತ್ತಗಿನ ಮನಸ್ಸು ಇರುವ ಮನುಷ್ಯನನ್ನು ಬರೆಯೋಕೆ ಹೊರಟ ಬೇರೆಯವರಿಗೆ ಉಪಯೋಗಕ್ಕೆ ಬಂದೀತು ಅಂತ, ನಾನು ಎಲ್ಲೆಲ್ಲಿ ಜಾರಿ ಬಿದ್ದೆ ಅನ್ನುವುದನ್ನು ಇಲ್ಲಿ ಬರೀತಿದ್ದೀನಿ.

ಕಥೆಯ ನಂಜುಂಡಪ್ಪ ಅರಸೀಕೆರೆ ಕಡೆಯ ಹಳ್ಳಿ ರೂಟಿನ ಕಂಡಕ್ಟರ್. ಸಂಜೆ ಪೇಟೆಯಿಂದ ಹೊರಟು, ರಾತ್ರಿ ಕೊನೆಯ ಹಳ್ಳಿಯಲ್ಲೇ ನಿಂತು, ಬೆಳಿಗ್ಗೆ ವಾಪಸ್ ಬರುವ ಹಾಲ್ಟಿಂಗ್ ಬಸ್ಸು ಅವನದು. ಹೆಸರಲ್ಲೇ ನಂಜು ಇದೆಯಲ್ಲ, ಬೇಕಂತಲೇ ಇಟ್ಟಿರಾ ಅಂತ ಒಬ್ಬರು ಕೇಳಿದರು. ಇಲ್ಲ ಸ್ವಾಮಿ, ನಮ್ಮ ಕಡೆ ಬೀದಿಗೊಬ್ಬ ನಂಜುಂಡಪ್ಪ ಸಿಗ್ತಾನೆ.

ನಾನು ಒಂಬತ್ತು ವರ್ಷ ಕೆಲಸಕ್ಕೆ ಬಸ್ಸಲ್ಲೇ ಓಡಾಡಿದವನು. ಒಂದು ಸಂಜೆ ಮಳೆ. ಬಸ್ಸು ತುಂಬಿ ಬಾಗಿಲಲ್ಲಿ ಹುಡುಗರು ಜೋತಾಡುತ್ತಿದ್ದರು. ಕಂಡಕ್ಟರ್ ಒಬ್ಬ ಹುಡುಗನ ಕಾಲರ್ ಹಿಡಿದು ಒಳಗೆ ಎಳೆದು, "ಸಾಯೋಕೆ ನನ್ ಬಸ್ಸೇ ಬೇಕಾ ನಿಂಗೆ, ಬೇರೆ ಬಸ್ ಇರ್ಲಿಲ್ವಾ?" ಅಂತ ಇಡೀ ಬಸ್ಸಿಗೆ ಕೇಳೋ ಹಾಗೆ ಬೈದ. ಎಲ್ಲರೂ ನಕ್ಕರು, ಹುಡುಗನ ಮುಖ ಕೆಂಪಾಯಿತು. ಆಮೇಲೆ ಯಾರೂ ಅವರತ್ತ ನೋಡಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದರಿಂದ ನೋಡಿದೆ. ಕಂಡಕ್ಟರ್ ಬಲಗೈಯಲ್ಲಿ ಟಿಕೆಟ್ ಮೆಷಿನ್ ಒತ್ತುತ್ತಾ ಇದ್ದ. ಎಡಗೈಯ ಎರಡು ಬೆರಳು ಆ ಹುಡುಗನ ಸ್ಕೂಲ್ ಬ್ಯಾಗಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡಿದ್ದವು. ಹುಡುಗ ಇಳಿಯುವ ತನಕ ಆ ಬೆರಳು ತೆಗೆಯಲಿಲ್ಲ. ಹುಡುಗನಿಗೇ ಅದು ಗೊತ್ತಾಗಲಿಲ್ಲ ಅನ್ಸತ್ತೆ.

ನನಗೆ ಕಥೆ ಸಿಕ್ಕಿದ್ದು ಆ ಎರಡು ಬೆರಳಲ್ಲಿ. ಬರೆಯೋಕೆ ಕೂತಾಗ ಅದನ್ನೇ ಮರೆತು ಏನೇನೋ ಬರೆದೆ.

ಮೊದಲ ಸಲ ಬರೆದದ್ದಕ್ಕೆ 'ಹಲಸಿನ ಹಣ್ಣು' ಅಂತ ಹೆಸರಿಟ್ಟಿದ್ದೆ. ಹೊರಗೆ ಮುಳ್ಳು, ಒಳಗೆ ತೊಳೆ, ಗೊತ್ತಾಯ್ತಲ್ಲ. ನಾವು ನಾಲ್ಕು ಜನ ತಿಂಗಳಿಗೊಮ್ಮೆ ಕೂತು ಬರೆದದ್ದನ್ನು ಓದಿಕೊಳ್ಳುತ್ತೇವೆ. ಅಲ್ಲಿ ಒಬ್ಬ ಗೆಳೆಯ ಹೆಸರು ಕೇಳಿದ ಕೂಡಲೇ, "ಮುಗೀತಲ್ಲ ಕಥೆ, ಇನ್ನೇನು ಓದ್ತೀಯ?" ಅಂದ. ಅದರಲ್ಲಿ ನಂಜುಂಡಪ್ಪನ ಮಗಳು ಸತ್ತಿರುತ್ತಾಳೆ, ಅದಕ್ಕೇ ಅವನಿಗೆ ಕೋಪ. ಕೊನೆಯಲ್ಲಿ ಖಾಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಅಳುತ್ತಾನೆ. ಈಗ ನೆನೆಸಿಕೊಂಡರೆ ಮೈಯೆಲ್ಲಾ ಮುಜುಗರ ಆಗತ್ತೆ. ಕೋಪಕ್ಕೆಲ್ಲ ಒಂದು ಸಾವು ಬೇಕಾ? ಬೆಳಿಗ್ಗೆಯಿಂದ ಚಿಲ್ಲರೆಗೆ ಜಗಳ ಆಡಿ ಆಡಿ ರೇಗೋನು ಮನುಷ್ಯ ಅಲ್ವಾ?

ಮಗಳನ್ನು ತೆಗೆದು ಹಾಕಿದೆ. ಅವಳ ಜಾಗಕ್ಕೆ ಒಂದು ಮೆಮೊ, ಅಂದರೆ ತಪ್ಪಿಗೆ ಮೇಲಿನವರು ಕೊಡೋ ನೋಟಿಸು, ತಂದೆ. ಯಾವುದೋ ಕಾಲದಲ್ಲಿ ನಂಜುಂಡಪ್ಪ ಒಬ್ಬ ಮುದುಕನನ್ನು ಟಿಕೆಟ್ ಇಲ್ಲದೆ ಕೂರಿಸಿಕೊಂಡಿರುತ್ತಾನೆ, ಮುಂದಿನ ಸ್ಟಾಪಲ್ಲೇ ಚೆಕಿಂಗ್‌ನವರು ಹತ್ತುತ್ತಾರೆ. ಕಥೆಯಲ್ಲಿ ಇದಕ್ಕೆ ಒಂದೂವರೆ ಸಾಲು ಅಷ್ಟೇ. ಆದರೆ ಆ ಒಂದೂವರೆ ಸಾಲಿಂದ ಅವನ ಕೋಪಕ್ಕೊಂದು ಕೆಲಸ ಸಿಕ್ಕಿತು. ಅದು ಗಾಯ ಆಗಿರಲಿಲ್ಲ, ಬೇಲಿ ಆಯಿತು. ಮೆತ್ತಗಿದ್ದಾನೆ ಅಂತ ಗೊತ್ತಾದರೆ ನಾಳೆ ಹತ್ತು ಜನ ಕೇಳ್ತಾರೆ, ಕೇಳಿದರೆ ಇವನಿಗೆ ಇಲ್ಲ ಅನ್ನೋಕೆ ಬರಲ್ಲ. ಅದಕ್ಕೇ ಯಾರೂ ಕೇಳೋ ಧೈರ್ಯವನ್ನೇ ಮಾಡದ ಹಾಗೆ ನೋಡಿಕೊಳ್ಳುತ್ತಾನೆ.

ಇಷ್ಟಾದರೂ ಒಂದು ಮುಖ್ಯ ಪ್ರಶ್ನೆ ಉಳಿದಿತ್ತು. ಅವನು ಮಾಡುವ ಒಳ್ಳೆಯ ಕೆಲಸ ಯಾವುದು? ಆಗಿನ ಕಥೆಯಲ್ಲಿ ದುಡ್ಡಿಲ್ಲದ ಒಬ್ಬ ಅಜ್ಜಿಗೆ ತನ್ನ ಜೇಬಿಂದ ಟಿಕೆಟ್ ಹರಿದು ಕೊಡುತ್ತಿದ್ದ. ಚೆನ್ನಾಗಿತ್ತು. ಅಷ್ಟರಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆಲ್ಲ ಮಾಮೂಲಿ ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ! ಊರಿಗೆಲ್ಲ ಸಂತೋಷ, ನನಗೆ ಮಾತ್ರ ತಲೆ ಮೇಲೆ ಕೈ. ಸರ್ಕಾರವೇ ಬಿಟ್ಟಿ ಕರೆದುಕೊಂಡು ಹೋಗುವಾಗ ನಂಜುಂಡಪ್ಪನ ಔದಾರ್ಯ ಯಾರಿಗೆ ಬೇಕು? ಕಥೆ 2022ರಲ್ಲೇ ನಡೆದದ್ದು ಅಂತ ಮಾಡಿಬಿಡು ಅಂದರು ಗೆಳೆಯರು. ನನಗೆ ಅದು ಕಳ್ಳತನ ಅನ್ನಿಸಿತು.

ಸುಮಾರು ತಿಂಗಳು ಕಥೆ ಮುಟ್ಟಲಿಲ್ಲ. ಆಮೇಲೆ ದುಡ್ಡು ಆಗದಿದ್ದರೆ ಹೊತ್ತಾದರೂ ಕೊಡಲಿ ಅಂತ ಒಂದು ದೃಶ್ಯ ಬರೆದೆ. ಪಿಯುಸಿ ಹುಡುಗಿಯೊಬ್ಬಳು, ಸ್ಪೆಷಲ್ ಕ್ಲಾಸ್ ಮುಗಿಸಿ ಓಡಿ ಬರೋಷ್ಟರಲ್ಲಿ ದಿನಾ ಐದು ನಿಮಿಷ ತಡ. ದಿನಾ ಅವಳಿಗೆ ಬೈಗುಳ, "ನಿಮ್ಮಪ್ಪ ಮಾಡ್ಸಿರೋ ಬಸ್ಸಾ ಇದು?" ಅಂತ. ಆದರೆ ದಿನಾ ಬಸ್ಸು ಇರುತ್ತೆ. ಯಾಕೆ ಅಂದರೆ ಹೊರಡೋ ಹೊತ್ತಿಗೆ ಸರಿಯಾಗಿ ನಂಜುಂಡಪ್ಪ, ಬಸ್ಸು ಬಂದು ಹೋಗೋ ಹೊತ್ತು ಬರೆದುಕೊಳ್ಳೋ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಜೊತೆ ಆ ಎಂಟ್ರಿ ವಿಷಯಕ್ಕೆ ಜಗಳಕ್ಕೆ ನಿಂತಿರುತ್ತಾನೆ. ಇದನ್ನು ಬರೆದ ಮೇಲೆ ನನಗೇ ಖುಷಿಯಾಯಿತು. ಕೋಪ ಒಂದು ಕಡೆ, ಕರುಣೆ ಇನ್ನೊಂದು ಕಡೆ ಅಂತ ಎರಡು ಖಾನೆ ಮಾಡೋದು ಬೇಡ, ಜಗಳ ಆಡಿಯೇ ಉಪಕಾರ ಮಾಡಬಹುದು ಅಂತ ಆಗ ಹೊಳೆಯಿತು.

ಉಳಿದದ್ದನ್ನು ಶಕ್ತಿ ಯೋಜನೆಯೇ ಕೊಟ್ಟಿತು. ಒಂದು ದಿನ ನನ್ನ ಮುಂದಿನ ಸೀಟಲ್ಲಿ ಒಬ್ಬ ಅಜ್ಜಿ ಆಧಾರ್ ಕಾರ್ಡ್ ಮರೆತು ಬಂದು ಕಂಡಕ್ಟರ್ ಹತ್ತಿರ ಬೈಸಿಕೊಳ್ಳುತ್ತಿದ್ದರು. ಕಾರ್ಡು ತೋರಿಸದಿದ್ದರೆ ಶೂನ್ಯ ಟಿಕೆಟ್, ಅಂದರೆ ಹೆಂಗಸರಿಗೆ ಕೊಡೋ ಸೊನ್ನೆ ರೂಪಾಯಿಯ ಚೀಟಿ, ಕೊಡೋ ಹಾಗಿಲ್ಲ, ದುಡ್ಡು ತಗೊಂಡೇ ಟಿಕೆಟ್ ಕೊಡಬೇಕು. ಆ ಅಜ್ಜಿ ಬೈದುಕೊಂಡೇ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟರು. ನಾನು ಮನೆಗೆ ಬಂದವನೇ ಬರೆಯೋಕೆ ಕೂತೆ. ನನ್ನ ಕಥೆಯ ಅಜ್ಜಿಯ ಗಂಟಲ್ಲಿ ಎಲೆ ಅಡಿಕೆ ಬಿಟ್ಟರೆ ಏನೂ ಇಲ್ಲ. ನಂಜುಂಡಪ್ಪ ಬೈತಾನೆ, "ಕಾರ್ಡ್ ಬಿಟ್ ಬಂದಿದೀಯ, ನಾಳೆ ತಲೇನೂ ಬಿಟ್ ಬತ್ತೀಯ" ಅಂತ. ಬೈತಾ ಬೈತಾ ಮೆಷಿನ್ ಒತ್ತಿ ಒಂದು ಚೀಟಿ ಹರಿದು ಅಜ್ಜಿಯ ಅಂಗೈಗೆ ಬಡಿಯುತ್ತಾನೆ. ಅಜ್ಜಿಗೆ ಓದೋಕೆ ಬರಲ್ಲ. ಎಲ್ಲರ ಹಾಗೆ ನನಗೂ ಸೊನ್ನೆ ಚೀಟಿ ಕೊಟ್ಟ, ಅದಕ್ಯಾಕೆ ಇಷ್ಟು ಕೂಗಾಟ ಅಂದುಕೊಂಡು "ಹಾಳಾದೋನು" ಅನ್ನುತ್ತಾ ಕೂರುತ್ತಾರೆ. ಪಕ್ಕದಲ್ಲಿ ಆ ಪಿಯುಸಿ ಹುಡುಗಿ. ಅಜ್ಜಿಯ ಬೆರಳ ಸಂದಿಯಲ್ಲಿ ಚೀಟಿ ಕಾಣುತ್ತೆ. ಅದರಲ್ಲಿ ಸೊನ್ನೆ ಇಲ್ಲ, 20 ಅಂತ ಇದೆ.

ಅಷ್ಟೇ. ಹುಡುಗಿ ತಲೆ ಎತ್ತಿ ಕಂಡಕ್ಟರ್ ಕಡೆ ನೋಡುತ್ತಾಳೆ. "ಏನ್ ನೋಡ್ತೀಯ, ಮುಂದಕ್ ಸರಿ, ಜನ ಹತ್ತಬೇಕು" ಅಂತ ಅವಳಿಗೂ ಬೀಳುತ್ತೆ. (2025ರ ಜನವರಿಯಲ್ಲಿ ಬಸ್ ದರ ಶೇಕಡ 15 ಜಾಸ್ತಿಯಾಯಿತು. ನನ್ನ ಕಥೆ ಇನ್ನೂ ಮುಗಿದಿರಲಿಲ್ಲ. 20 ಇದ್ದದ್ದನ್ನು 23 ಮಾಡಿದೆ. ಇಷ್ಟು ನಿಧಾನಕ್ಕೆ ಬರೆದರೆ ಇದೊಂದು ಖರ್ಚು.)

ಇಲ್ಲಿ ನಾನು ಕಲಿತದ್ದನ್ನು ನೇರವಾಗಿ ಹೇಳ್ತೀನಿ. ಒಳ್ಳೆಯತನವನ್ನು ಕಥೆ ಹೇಳುವವನು ಹೇಳಬಾರದು, ಒಂದು ವಸ್ತು ಹೇಳಬೇಕು. ನನಗೆ ಆ ವಸ್ತು ಟಿಕೆಟ್. ಅದು ಅವನ ಕಸುಬಿನದೇ ಆಗಿರಬೇಕು. ಕಂಡಕ್ಟರ್ ಬಂದು ಅನಾಥಾಶ್ರಮಕ್ಕೆ ದುಡ್ಡು ಕೊಟ್ಟ ಅಂತ ಬರೆದರೆ ಅದು ಅಂಟಿಸಿದ ಹಾಗಿರುತ್ತೆ. ಸಿಕ್ಕಿಬಿದ್ದಾಗ ಅವನು ಕರಗಲೂಬಾರದು, ಇನ್ನಷ್ಟು ರೇಗಬೇಕು. ಯಾಕೆ ಅಂದರೆ ಅವನ ಬೇಲಿ ಮುರಿದಿದೆಯಲ್ಲ.

ಈ ಧೈರ್ಯ ನನಗೆ ಬಂದದ್ದು ರನ್ನನಿಂದ. ಗದಾಯುದ್ಧದ ದುರ್ಯೋಧನನನ್ನು ಶಾಲೆಯಲ್ಲಿ ಓದಿದ್ದೆವಲ್ಲ, ಛಲದಂಕಮಲ್ಲ. ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವಾಗ ಅಭಿಮನ್ಯುವಿನ ಹೆಣ ಕಾಣುತ್ತೆ. ಶತ್ರುವಿನ ಮಗ, ತಾನೇ ಕೊಲ್ಲಿಸಿದ ಹುಡುಗ. ಅವನ ಶೌರ್ಯವನ್ನು ಹೊಗಳಿ, ನಿನ್ನಂಥ ಸಾವಿನ ಒಂದು ಪಾಲಾದರೂ ನನಗೆ ಬರಲಿ ಅಂತ ಬೇಡಿಕೊಳ್ಳುತ್ತಾನೆ. ನೋಡೋಕೆ ಸಂಜಯ ಬಿಟ್ಟರೆ ಯಾರೂ ಇಲ್ಲ. ಹಾಗಂತ ಪಾಂಡವರ ಮೇಲಿನ ಹಗೆ ಒಂದು ಗುಲಗಂಜಿಯಷ್ಟೂ ಇಳಿಯಲ್ಲ, ಮುಂದೆ ಸಂಧಿ ಅಂದರೆ ಉರಿದು ಬೀಳುತ್ತಾನೆ. ಹತ್ತನೇ ಶತಮಾನದ ಮುಧೋಳದ ಕವಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗೋಕೆ ಎರಡು ವರ್ಷ ಬೇಕಾಯಿತು. ನಾನು ಒಂದು ಉಪಕಾರ ಮಾಡಿಸಿದ ಕೂಡಲೇ ನಂಜುಂಡಪ್ಪನ ದನಿ ಇಳಿಸಿಬಿಡುತ್ತಿದ್ದೆ.

ನಾಟ್ಯಶಾಸ್ತ್ರದಲ್ಲಿ ರೌದ್ರದಿಂದ ಕರುಣ ಹುಟ್ಟುತ್ತೆ ಅಂತ ಇದೆ, ನೋಡಿ ಎಷ್ಟು ಸರಿಹೋಯಿತು ಅಂತ ನಮ್ಮ ಗುಂಪಲ್ಲಿ ಒಮ್ಮೆ ಜಂಬದಿಂದ ಹೇಳಿದೆ. ನಾಟಕ ಆಡಿ ಗೊತ್ತಿದ್ದ ಗೆಳತಿ, "ಅದು ಕರುಣ ರಸ ಮಾರಾಯ, ಅಂದ್ರೆ ಶೋಕ. ಒಬ್ಬ ರೇಗಿ ಹೊಡೆದ್ರೆ ಇನ್ನೊಬ್ಬನ ಮನೇಲಿ ಅಳು ಅಂತ ಅರ್ಥ, ದಯೆ ಅಂತ ಅಲ್ಲ" ಅಂದಳು. ಬಾಯಿ ಮುಚ್ಚಿಕೊಂಡೆ. ಆದರೆ ಅವಳ ಮಾತು ಬೇರೆ ಕಡೆ ನಾಟಿತು.

ಯಾಕೆ ಅಂದರೆ ಅದೇ ವಾರ ನನ್ನ ಹೆಂಡತಿ ಕಥೆ ಓದಿ ಮಡಚಿಟ್ಟು, "ಒಳ್ಳೇದು ಮಾಡೋನು ಬೈಯೋದ್ಯಾಕೆ? ಬೈಸ್ಕೊಂಡೋರಿಗೆ ಅವನ ಒಳಗು ಕಾಣತ್ತಾ?" ಅಂತ ಕೇಳಿದಳು. 'ಬಾಯಿ ಒಂದು ಕೆಟ್ಟದ್ದು, ಮನಸ್ಸು ಬಂಗಾರ' ಅನ್ನೋ ಮಾತನ್ನು ನಮ್ಮ ಮನೆಗಳಲ್ಲಿ ಗಂಡಸರಿಗೆ ಸರ್ಟಿಫಿಕೇಟ್ ಥರ ಹಂಚಿದ್ದೀವಿ, ನೀನೂ ಇನ್ನೊಂದು ಪ್ರಿಂಟ್ ಹಾಕಿದೆ ಅಂತ ಅವಳ ತಕರಾರು. ಉತ್ತರ ಇರಲಿಲ್ಲ. ಮತ್ತೆ ಓದಿದೆ. ನನ್ನ ನಂಜುಂಡಪ್ಪನ ಕೋಪ ಎಲ್ಲಾ ತಮಾಷೆಯ ಕೋಪ. ಓದುಗ ನಗಲಿ ಅಂತ ಬರೆದದ್ದು. ಯಾರಿಗೂ ನೋವೇ ಆಗಲ್ಲ. ಮೊದಲ ಪುಟದಲ್ಲೇ ಇವನು ಒಳ್ಳೆಯವನು ಅಂತ ಗೊತ್ತಾಗಿಬಿಡುತ್ತೆ.

ಅದಕ್ಕೇ ಒಂದು ದೃಶ್ಯ ಸೇರಿಸಿದೆ, ಬರೆಯುವಾಗ ಕೈ ಬರಲಿಲ್ಲ. ಒಬ್ಬ ಬಡಕಲು ಮನುಷ್ಯ ತೆಂಗಿನಕಾಯಿ ಚೀಲ ಹತ್ತಿಸುತ್ತಾನೆ. ಲಗೇಜ್ ದುಡ್ಡಿನ ಮೇಲೆ ಮಾತು ಬೆಳೆದು ನಂಜುಂಡಪ್ಪ ಸಿಂಗಲ್ ಬೆಲ್ ಹೊಡೆದು ನಡುದಾರಿಯಲ್ಲಿ ಅವನನ್ನು ಇಳಿಸುತ್ತಾನೆ. ಚೀಲ ಇಳಿಸುವಾಗ ಕಟ್ಟು ಬಿಚ್ಚಿ ಕಾಯಿ ರಸ್ತೆ ಪಕ್ಕದ ಗುಂಡಿಗೆ ಉರುಳುತ್ತವೆ. ಡಬಲ್ ಬೆಲ್. ಬಸ್ಸು ಹೊರಡುತ್ತೆ. ಆ ಮನುಷ್ಯ ಬಗ್ಗಿ ಕಾಯಿ ಆರಿಸುವುದು ಹಿಂದಿನ ಗಾಜಲ್ಲಿ ಕಾಣುತ್ತೆ. ಇದಕ್ಕೆ ಮುಂದೆ ಎಲ್ಲೂ ಪರಿಹಾರ ಕೊಟ್ಟಿಲ್ಲ. ನಂಜುಂಡಪ್ಪ ಹಿಂದೆ ತಿರುಗಿ ನೋಡೋದೂ ಇಲ್ಲ. ಅಜ್ಜಿಯ 23 ರೂಪಾಯಿ ಇದನ್ನು ತೊಳೆಯಲ್ಲ, ತೊಳೆಯಬಾರದು. ಹೆಂಡತಿ ಓದಿ "ಹ್ಞೂಂ" ಅಂದಳು. ಅಷ್ಟೇ ಅಂದದ್ದು.

ಕೊನೆಗೆ ಕಸುಬು ಗೊತ್ತಿದ್ದವರಿಗೆ ತೋರಿಸದೆ ಇದನ್ನು ಬಿಡಬಾರದು ಅನ್ನಿಸಿ, ರಿಟೈರ್ ಆದ ಒಬ್ಬ ಕಂಡಕ್ಟರ್ ಮನೆಗೆ ಹೋದೆ. ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಟಿಕೆಟ್ ಜಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಸಾರ್, ಜೇಬಲ್ಲಿ ಸ್ವಂತ ದುಡ್ಡು ಎಷ್ಟೈತೆ ಅಂತ ಡ್ಯೂಟಿ ಹತ್ತುವಾಗಲೇ ಬರ್ದಿರ್ತೀವಿ. ಚೆಕಿಂಗ್ ಬಂದ್ರೆ ಬ್ಯಾಗೂ ತಾಳೆ ಆಗ್ಬೇಕು, ಜೇಬೂ ತಾಳೆ ಆಗ್ಬೇಕು. ಇವನು ಜೇಬಿಂದ ತೆಗ್ದು ಬ್ಯಾಗಿಗೆ ಹಾಕಿದ್ದನ್ನ ಎಲ್ಲಿ ಬರ್ದ?"

ಇಂಥದ್ದು ಮನೆಯಲ್ಲಿ ಕೂತು ಹೊಳೆಯೋದಲ್ಲ. ಅದರಿಂದಲೇ ಕಥೆಯ ಕೊನೆ ಬದಲಾಯಿತು. ಈಗ ಹಾಲ್ಟಿಂಗ್ ಹಳ್ಳಿಯಲ್ಲಿ, ಬಸ್ಸಿನ ಒಳಗಿನ ದೀಪದ ಕೆಳಗೆ ನಂಜುಂಡಪ್ಪ ಲೆಕ್ಕ ಮಾಡುತ್ತಾನೆ. ಬ್ಯಾಗು ಸರಿ ಇದೆ. ಜೇಬು ನೂರು ಅಂತ ಬರೆದಿದ್ದಾನೆ, ಎಪ್ಪತ್ತೇಳು ಇದೆ. ಡ್ರೈವರ್ ಬಗ್ಗಿ ನೋಡಿ, "ಏನಣ್ಣ, ಕಮ್ಮಿ?" ಅನ್ನುತ್ತಾನೆ. "ಟೀ ಕುಡ್ದೆ." "ಇಪ್ಪತ್ತಮೂರು ರೂಪಾಯಿ ಟೀನಾ?" "ನಿಂಗೇನೋ ಅದು? ಮಲ್ಕೊ ಹೋಗು."

ಇದನ್ನೂ ಆ ಹಿರಿಯರಿಗೆ ಮತ್ತೆ ಹೋಗಿ ಓದಿದೆ. ತಲೆ ಆಡಿಸಿದರು. ಕಾಫಿ ಕೊಟ್ಟರು. ನಾನು ಹೊರಡುವಾಗ ಬಾಗಿಲ ತನಕ ಬಂದು, "ಅಜ್ಜಿಗೆ ಬೈದಿದ್ದು ಸಾಲ್ದು ಸಾರ್. ಅಷ್ಟು ಕಮ್ಮಿ ಬೈದ್ರೆ ನಾಳೆ ಊರೋರೆಲ್ಲ ಕಾರ್ಡ್ ಬಿಟ್ ಬತ್ತಾರೆ" ಅಂದರು.

ಮನೆಗೆ ಬಂದು ಎರಡು ಬೈಗುಳ ಸೇರಿಸಿದೆ.