ಹಳೆ ಮೊಪೆಡ್ ಅಪ್‌ಗ್ರೇಡ್: ಮೊದಲು ಬ್ರೇಕ್, ಆಮೇಲೆ ಸ್ಪೀಡ್

ಹಳೆ ಮೊಪೆಡ್ ತಂದವರು ಮೊದಲು ಕೇಳುವುದೇ ಸ್ಪೀಡ್ ಹೇಗೆ ಏರಿಸೋದು ಅಂತ. ನಾನಂತೂ ಎಂಜಿನ್ ಮುಟ್ಟುವ ಮೊದಲು ಚಕ್ರ ಬಿಚ್ಚುತ್ತೇನೆ. ಆ ಪುಟ್ಟ ಡ್ರಮ್ ಬ್ರೇಕ್ ಮಾಡಿದ್ದು ನಿಧಾನ ಗಾಡಿಗೆ. ಬ್ರೇಕ್ ಶೂ, ಕೇಬಲ್ ಎಲ್ಲ ಹೊಸದು ಹಾಕಿ. ಟೈರ್ ಸವೆದಿಲ್ಲ ಅಂತ ಸುಮ್ಮನಾಗಬೇಡಿ, ಬದಿಯಲ್ಲಿ ಬಿರುಕಿದ್ದರೆ ಬದಲಿಸಿ.

ಆಮೇಲೆ ಎಂಜಿನ್. ಅದು ಕಳೆದುಕೊಂಡಿರುವ ಶಕ್ತಿಯನ್ನು ವಾಪಸ್ ತಂದರೆ ಅರ್ಧ ಕೆಲಸ ಮುಗಿದ ಹಾಗೆ. ಟೂ ಸ್ಟ್ರೋಕ್ ಸೈಲೆನ್ಸರ್ ಒಳಗೆ ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ, ಎಂಜಿನ್‌ನಿಂದ ಹೊಗೆ ಹೊರಡುವ ಕಿಂಡಿ, ಅಂದರೆ ಎಕ್ಸಾಸ್ಟ್ ಪೋರ್ಟ್‌ನಲ್ಲೂ ಅಷ್ಟೇ. ಪೋರ್ಟನ್ನು ಮರದ ಕಡ್ಡಿಯಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಪ್ಲಗ್‌ಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟ್ ತೆರೆದಾಗಿನ ಗ್ಯಾಪ್ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದ್ದರೆ, ಕೇಬಲ್ ಸರಿಯಿದೆಯಾ ನೋಡಿ. ಸರಿಯಿದ್ದರೆ ಹೆಚ್ಚಾಗಿ ಎಂಜಿನ್ ಎಲ್ಲೋ ಸಂದಿಯಿಂದ ಬೇಡದ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಕ್ರ್ಯಾಂಕ್ ಆಯಿಲ್ ಸೀಲ್ (ಎಂಜಿನ್ ಒಳಗಿನ ಮುಖ್ಯ ದಂಡದ ತುದಿಯ ರಬ್ಬರ್ ಸೀಲ್) ಮೇಲೆ ನನ್ನ ಮೊದಲ ಅನುಮಾನ. ಅದು ಸರಿಯಾಗದೆ ಕಾರ್ಬೊರೇಟರ್ ಎಷ್ಟು ತಿರುವಿದರೂ ದಂಡ.

ಈಗ ನಿಜವಾದ ಅಪ್‌ಗ್ರೇಡ್. ಕಡಿಮೆ ಕೆಲಸಕ್ಕೆ ಜಾಸ್ತಿ ಫಲ ಕೊಡುವುದು ಒಳ್ಳೆಯ ಸೈಲೆನ್ಸರ್. ಆದರೆ ಹೊಗೆ ಸಲೀಸಾಗಿ ಹೊರಗೆ ಹೋದಷ್ಟೂ ಒಳಗೆ ಗಾಳಿ ಜಾಸ್ತಿ ಬರುತ್ತದೆ, ಪೆಟ್ರೋಲ್ ಸಾಲದಾಗುತ್ತದೆ, ಎಂಜಿನ್ ಕಾದು ಸೀಜ್ ಆಗುತ್ತದೆ. ಹಾಗಾಗಿ ಮೇನ್ ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು, ದೊಡ್ಡದು ಹಾಕಲೇಬೇಕು. ಬೇಕು ಅನಿಸಿದ್ದಕ್ಕಿಂತ ದೊಡ್ಡ ಜೆಟ್‌ನಿಂದ ಶುರು ಮಾಡಿ, ಒಂದೊಂದೇ ಸೈಜ್ ಇಳಿಸಿ. ಪ್ರತಿ ಸಲ ಖಾಲಿ ರಸ್ತೆಯಲ್ಲಿ ಫುಲ್ ಆಕ್ಸಿಲರೇಟರ್‌ನಲ್ಲಿ ಓಡಿಸಿ, ಹಾಗೇ ಎಂಜಿನ್ ಆಫ್ ಮಾಡಿ, ಗಾಡಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಜೆಟ್ ಇನ್ನೂ ದೊಡ್ಡದೇ ಇದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಹೋಗಿ!

ಬೋರ್ ಕಿಟ್, ಅಂದರೆ ಅಗಲದ ಸಿಲಿಂಡರ್ ಮತ್ತು ಪಿಸ್ಟನ್, ಬೇಕೇ ಬೇಕಾ? ಪುಖ್ ಮ್ಯಾಕ್ಸಿ ಅನ್ನುವ ಹಳೆ ಮೊಪೆಡ್‌ನ ಲೆಕ್ಕ ನೋಡಿ. 38 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 43 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ), 49 ಸಿಸಿ. ಅದಕ್ಕೇ 45 ಮಿ.ಮೀ. ಪಿಸ್ಟನ್ ಹಾಕಿದರೆ 68 ಸಿಸಿ ದಾಟುತ್ತದೆ. ಓಡಿಸಲು ಮಜಾನೇ. ಆದರೆ ಬಹಳ ದೇಶಗಳ ಕಾನೂನಿನಲ್ಲಿ 50 ಸಿಸಿ ದಾಟಿದ್ದು ಮೊಪೆಡ್ ಅಲ್ಲ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬದಲಾಗುತ್ತದೆ. ಹಳೆ ಬೇರಿಂಗ್‌ಗೂ ಹೊರೆ ಜಾಸ್ತಿ. ನನ್ನ ಕೇಳಿದರೆ ಬೇಡ.

ಅದರ ಬದಲು ಸ್ಪ್ರಾಕೆಟ್, ಅಂದರೆ ಚೈನ್ ಓಡುವ ಹಲ್ಲಿನ ಚಕ್ರ, ಬದಲಿಸಿ ನೋಡಿ. ಮುಂದೆ 15, ಹಿಂದೆ 45 ಹಲ್ಲಿದ್ದರೆ, ಮುಂದಿನದರಲ್ಲಿ ಒಂದು ಹಲ್ಲು ಏರಿಸುವುದೂ ಹಿಂದಿನದರಲ್ಲಿ ಮೂರು ಇಳಿಸುವುದೂ ಹೆಚ್ಚುಕಮ್ಮಿ ಒಂದೇ. ಸಮ ರಸ್ತೆಯಲ್ಲಿ ಓಟ ಸಿಗುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ. ಏರು ಜಾಸ್ತಿ ಇರುವ ಕಡೆ ಇದನ್ನೇ ತಿರುಗಾಮುರುಗಾ ಮಾಡಿ.

ಬಣ್ಣ, ಸೀಟು, ಹ್ಯಾಂಡಲ್ ನಿಮ್ಮಿಷ್ಟ. ಫ್ರೇಮ್ ಮಾತ್ರ ಕತ್ತರಿಸಬೇಡಿ, ಬಿಚ್ಚಿದ ಒರಿಜಿನಲ್ ಸಾಮಾನು ಎಸೆಯಬೇಡಿ. ಎಲ್‌ಇಡಿ ಹಾಕುವವರು ಒಂದು ವಿಷಯ ಗಮನಿಸಿ. ಎಂಜಿನ್ ಜೊತೆ ತಿರುಗಿ ಕರೆಂಟು ಮಾಡುವ 6 ವೋಲ್ಟ್ ಮ್ಯಾಗ್ನೆಟೊ ಕೊಡುವುದು ಎಸಿ ಕರೆಂಟು, ಹೆಚ್ಚಿನ ಹಳೆ ಗಾಡಿಗಳಲ್ಲಿ ಅದನ್ನು ಹಿಡಿದಿಡಲು ರೆಗ್ಯುಲೇಟರ್ ಇರುವುದಿಲ್ಲ. ಹೆಡ್‌ಲೈಟ್‌ಗೆ ಕಮ್ಮಿ ವ್ಯಾಟ್ ಬಲ್ಬ್ ಹಾಕಿದರೆ ಉಳಿದ ಕರೆಂಟು ಟೇಲ್ ಲೈಟನ್ನು ಸುಡುತ್ತದೆ. ವೋಲ್ಟೇಜ್ ಹಿಡಿದಿಟ್ಟು ಎಸಿಯನ್ನು ಡಿಸಿ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಕೂರಿಸಿದ ಮೇಲಷ್ಟೇ ಎಲ್‌ಇಡಿ.